ಹನ್ನೆರಡರ ಕಾಲದ ಪಾಲಿಸಿ

ಹನುಮಂತನಗರದ ವಿಶಾಲಮ್ಮ ಜೀವವಿಮೆ ಮಾರಲು ಶುರುಮಾಡಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಬಸವನಗುಡಿಯಿಂದ ಮಾಮೂಲ್‌ಪೇಟೆಯವರೆಗೆ ಸುಮಾರು ಆರುನೂರು ಮನೆ, ಅಂಗಡಿಗಳಲ್ಲಿ ಅವಳಿಗೆ ಕೂರಲು ಕುರ್ಚಿ, ಕುಡಿಯಲು ಕಾಫಿ ಸಿಗುತ್ತಿತ್ತು. ಯಾರಿಗೆ ಸಕ್ಕರೆ ಕಾಯಿಲೆ ಬಂದಿದೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಕಚ್ಚಿಯೇಬಿಡುತ್ತದೆ, ಎಲ್ಲ ಗೊತ್ತಿತ್ತು. ಆದರೆ ತಾನು ಇಷ್ಟು ಜನರಿಂದ ಕೂಡಿಸಿ ಕಳಿಸುವ ದುಡ್ಡು ಕೊನೆಗೆ ಹೋಗಿ ಕೂರುವುದೆಲ್ಲಿ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕೇಳದವಳೇನಲ್ಲ. ತೊಂಬತ್ತಾರರಲ್ಲಿ ಏಜೆಂಟರ ತರಬೇತಿಗೆ ಹೋದ ಮೊದಲ ದಿನವೇ ಎದ್ದು ನಿಂತು ಕೇಳಿದ್ದಳು. ಪಾಠ ಮಾಡುತ್ತಿದ್ದವರು, "ಅಮ್ಮಾ, ತರೋ ಕೆಲಸ ನಿಮ್ದು. ಇಡೋ ಕೆಲಸ ಬಾಂಬೆಯವರು ನೋಡ್ಕೋತಾರೆ" ಎಂದರು. ತರಗತಿಯೆಲ್ಲ ನಕ್ಕಿತು. ಆಮೇಲೆ ಅವಳು ಸಂಸಾರ, ಮಕ್ಕಳು, ವರ್ಷದ ಟಾರ್ಗೆಟ್ಟು ಅಂತ ಮುಳುಗಿಹೋದಳು. ಪ್ರಶ್ನೆ ಹೋಗಲಿಲ್ಲ, ಸುಮ್ಮನಾಯಿತು ಅಷ್ಟೆ.

ಪಿಂಚಣಿ ಪಾಲಿಸಿ ಎಂದರೆ ಅವಳಿಗೆ ಒಂದು ಕೈ ಹೆಚ್ಚು ಅಕ್ಕರೆ. ಅವಳ ಅಪ್ಪ ಮಾಗಡಿ ಕಡೆಯ ಹಳ್ಳಿಯಿಂದ ಬಂದು ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ನೂಲುವ ಕೆಲಸಕ್ಕೆ ಸೇರಿದವರು. ಗಿರಣಿ ನಿಂತ ಮೇಲೆ ಕೈಗೆ ಬಂದ ಗಂಟು ಎರಡು ವರ್ಷವೂ ಬಾಳಲಿಲ್ಲ. ಆಮೇಲಿನ ಹದಿನಾಲ್ಕು ವರ್ಷ ಅವರು ಬೀಡಿಗೂ ಮಗಳ ಮುಖ ನೋಡಬೇಕಾಯಿತು. ಹಾಗಾಗಿ ಅವಳು ಯಾರಿಗಾದರೂ "ಉಸಿರಿರೋವರೆಗೂ ತಿಂಗಳು ತಿಂಗಳು ಬರುತ್ತೆ, ಯಾರ ಮುಂದೆಯೂ ಕೈ ಚಾಚೋ ಹಾಗಿಲ್ಲ" ಎಂದು ಹೇಳಿದರೆ ಅದು ಬರೀ ವ್ಯಾಪಾರದ ಮಾತಾಗಿರುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತೈದರ ಜುಲೈನಲ್ಲಿ ಅವಳ ಹಳೆಯ ಪ್ರಶ್ನೆಯನ್ನು ಇನ್ನೊಬ್ಬರು ಎತ್ತಿದರು. ಗಾಂಧಿಬಜಾರಿನ ಹಿಂದಿನ ರಸ್ತೆಯ ಶಕುಂತಲಮ್ಮ, ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಬ್ಯಾಂಕಿಗೆ ಹೋಗಿ ಠೇವಣಿ ನವೀಕರಿಸಿ ಆಗತಾನೆ ಬಂದಿದ್ದರು.

"ಬಾ ವಿಶಾಲಾ, ಕೂತ್ಕೋ. ನಂಗೊಂದು ವಿಷಯ ಅರ್ಥ ಆಗ್ತಿಲ್ಲ. ಹೋದ ವರ್ಷ ಬ್ಯಾಂಕಿನವರು ಏಳೂಕಾಲು ಕೊಟ್ಟರು. ಈಗ ಆರೂಮುಕ್ಕಾಲು ಅಂತಾರೆ. ಕೊರೋನಾ ಕಾಲದಲ್ಲಿ ಇನ್ನೂ ಪಾತಾಳಕ್ಕೆ ಹೋಗಿತ್ತು. ನೀನು ಮಾಡ್ಸಿದೀಯಲ್ಲ ಪಿಂಚಣಿ, ಅದು ಮಾತ್ರ ಆರು ವರ್ಷದಿಂದ ಲಕ್ಷಕ್ಕೆ ವರ್ಷಕ್ಕೆ ಏಳೂವರೆ ಸಾವಿರ ಅಂದ್ರೆ ಏಳೂವರೆ ಸಾವಿರ. ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬ್ಯಾಂಕಿನವರ ಕೈಲಾಗದ್ದು ನಿಮ್ಮವರ ಕೈಲಿ ಹೇಗಾಗುತ್ತೆ?"

"ಅದು ಗ್ಯಾರಂಟಿ ಮೇಡಂ" ಎಂದಳು ವಿಶಾಲಮ್ಮ.

"ಗ್ಯಾರಂಟಿ ಅನ್ನೋದು ಉತ್ತರ ಅಲ್ಲ. ಮಳೆ ಯಾಕೆ ಬರುತ್ತೆ ಅಂದ್ರೆ ಮಳೆಗಾಲ ಅದಕ್ಕೇ ಅಂತ ಮಕ್ಕಳು ಬರೀತಿದ್ರು. ನಾನು ಸೊನ್ನೆ ಕೊಡ್ತಿದ್ದೆ. ದುಡ್ಡು ಎಲ್ಲಿಂದ ಬರುತ್ತೆ, ಹೇಳು."

ವಿಶಾಲಮ್ಮ ಲೋಟ ಕೆಳಗಿಟ್ಟಳು. ಹಾರಿಕೆಯ ಉತ್ತರಗಳು ನಾಲಿಗೆಯ ತುದಿಯಲ್ಲಿ ಹತ್ತಾರು ಇದ್ದವು. ಆದರೆ ಸೊನ್ನೆ ಎಂಬ ಮಾತಿಗೆ ಅವಳು ಅಳುಕಿದಳು.

"ನಿಜ ಹೇಳ್ಬೇಕು ಅಂದ್ರೆ ಗೊತ್ತಿಲ್ಲ ಮೇಡಂ."

"ಸರಿ. ತಿಳ್ಕೊಂಡು ಬಾ" ಎಂದರು ಶಕುಂತಲಮ್ಮ, ಮನೆಪಾಠ ಕೊಟ್ಟಂತೆ.

ಮಾರನೆಯ ದಿನ ಅವಳು ಶಾಖೆಯ ಅಧಿಕಾರಿ ವರದರಾಜನ ಮೇಜಿನ ಮುಂದೆ ಕೂತಳು. ಅವನು ಒಳ್ಳೆಯವನೇ, ಆದರೆ ತಿಂಗಳ ಕೊನೆಯಲ್ಲಿ ಯಾರೂ ಒಳ್ಳೆಯವರಾಗಿರುವುದಿಲ್ಲ. "ಮೇಡಂ, ಕಾರ್ ಓಡ್ಸೋಕೆ ಎಂಜಿನ್ ಬಿಚ್ಚೋದು ಕಲೀಬೇಕಾ?" ಎಂದ.

"ಕೆಟ್ಟು ನಿಂತಾಗ ಬಾನೆಟ್ ಎತ್ತೋಕಾದ್ರೂ ಗೊತ್ತಿರ್ಬೇಕಲ್ಲ ಸಾರ್."

ವರದರಾಜ ಸೋತು ನಕ್ಕ. ಚಾಮರಾಜಪೇಟೆಯಲ್ಲಿ ಬದರೀನಾರಾಯಣ ಎಂಬ ಹಿರಿಯರಿದ್ದಾರೆ, ಮುಂಬೈಯ ದೊಡ್ಡ ಆಫೀಸಿನ ಹೂಡಿಕೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇದ್ದವರು, ಕಾಗದದಲ್ಲಿ ತಮ್ಮ ಹೆಸರಿನ ದೀರ್ಘ ಬಿಟ್ಟುಹೋಗಿದೆಯೆಂದು ಶಾಖೆಗೆ ಮೂರು ಸಲ ಬಂದು ಜಗಳವಾಡಿದ್ದಾರೆ, ಎಂದು ವಿಳಾಸ ಬರೆದುಕೊಟ್ಟ. "ಅವರನ್ನ ಕೇಳಿ. ನನ್ನ ಬಿಟ್ಬಿಡಿ."

ಬದರೀನಾರಾಯಣರು ಬಾಗಿಲು ತೆರೆದು ವಿಷಯ ಕೇಳಿದರು. ಎಪ್ಪತ್ತನಾಲ್ಕರ ಸಣಕಲು ಮನುಷ್ಯ. ಒಳಗೆ ತಿರುಗಿ, "ತುಳಸೀ, ಇಲ್ಲೊಬ್ಬರು ಏಜೆಂಟ್ ಬಂದಿದಾರೆ, ದುಡ್ಡು ಎಲ್ಲಿ ಹೋಗತ್ತೆ ಅಂತ ಕೇಳೋಕೆ!" ಎಂದು ಕೂಗಿದರು. ಹೆಂಡತಿ ತುಳಸಮ್ಮ ಒಳಗಿನಿಂದಲೇ, "ಪುಣ್ಯಾತ್ಗಿತ್ತಿ, ಇನ್ಮೇಲೆ ನಂಗೆ ಹೇಳೋದು ತಪ್ಪುತ್ತೆ" ಎಂದರು.

ಹೊರಗಿನ ಕೋಣೆಯಲ್ಲಿ ಕೂರಿಸಿ ಅವರು ಶುರುಮಾಡಿದರು. ದುಡ್ಡಿನ ದೊಡ್ಡ ಪಾಲು ಸರ್ಕಾರಕ್ಕೆ ಸಾಲವಾಗಿ ಹೋಗುತ್ತದೆ. ಸರ್ಕಾರ ಒಂದು ಸಾಲಪತ್ರ ಕೊಡುತ್ತದೆ: ನೂರು ರೂಪಾಯಿ ಕೊಟ್ಟರೆ ವರ್ಷಕ್ಕೆ ಏಳು ರೂಪಾಯಿ ಬಡ್ಡಿ, ನಲವತ್ತು ವರ್ಷ; ಕೊನೆಗೆ ನೂರು ವಾಪಸ್.

"ನಲವತ್ತು ವರ್ಷಕ್ಕಾ?"

"ಈಗ ಐವತ್ತು ವರ್ಷದ್ದೂ ಬಂದಿದೆ."

"ಐವತ್ತು ವರ್ಷ ಆದ್ಮೇಲೆ ಇಸ್ಕೊಳ್ಳೋಕೆ ಯಾರಿರ್ತಾರೆ ಸಾರ್?"

"ನಾನಿರಲ್ಲ, ನೀವಿರಲ್ಲ. ಕಂಪನಿ ಇರತ್ತೆ. ಕಂಪನಿ ಅಂತ ಮಾಡಿರೋದೇ ಅದಕ್ಕೆ."

ಅವರು ಅವಳ ಕಡೆ ಬಾಗಿ ಕೇಳಿದರು. "ಈಗ ನಿಮ್ಮ ಕೈಲಿ ಏಳರ ಪತ್ರ ಇದೆ ಅಂತಿಟ್ಕೊಳ್ಳಿ. ನಾಳೆ ಬಡ್ಡಿ ಏರಿ ಸರ್ಕಾರ ಎಂಟರ ಪತ್ರ ಕೊಡೋಕೆ ಶುರುಮಾಡ್ತು. ನಿಮ್ಮ ಏಳರ ಪತ್ರ ನೂರು ರೂಪಾಯಿಗೆ ಯಾರು ತಗೋತಾರೆ?"

ವಿಶಾಲಮ್ಮ ಯೋಚಿಸಿದಳು. "ಯಾರೂ ತಗೊಳ್ಳಲ್ಲ. ಬೆಲೆ ಇಳಿಸ್ಬೇಕು."

"ಎಷ್ಟಕ್ಕೆ? ಎರಡು ವರ್ಷ ಉಳಿದಿರೋ ಪತ್ರ ಆದ್ರೆ ತೊಂಬತ್ತೆಂಟು. ನಲವತ್ತು ವರ್ಷದ್ದಾದ್ರೆ ಎಂಬತ್ತೆಂಟಕ್ಕೂ ಕಷ್ಟ. ಉದ್ದ ಜಾಸ್ತಿ ಆದಷ್ಟೂ ಪೆಟ್ಟು ಜಾಸ್ತಿ. ಬಡ್ಡಿ ಇಳಿದ್ರೆ ಇದರ ಉಲ್ಟಾ."

"ಹಾಗಾದ್ರೆ ಅಷ್ಟು ಬೀಳೋ ಉದ್ದದ ಪತ್ರಾನೇ ಯಾಕೆ ತಗೋಬೇಕು ಸಾರ್? ಚಿಕ್ಕದು ತಗೋಬಹುದಲ್ಲ?"

ಬದರೀನಾರಾಯಣರು ಖುಷಿಯಲ್ಲಿ ತೊಡೆ ತಟ್ಟಿಕೊಂಡರು. ಈ ಪ್ರಶ್ನೆಯನ್ನು ತಮ್ಮ ಕೈಕೆಳಗೆ ಬಂದ ಹೊಸ ಹುಡುಗರಿಗೆ ತಾವೇ ಹೇಳಿಕೊಟ್ಟು ಕೇಳಿಸಬೇಕಾಗುತ್ತಿತ್ತಂತೆ. "ನಿಮ್ಮ ಟೀಚರಿಗೆ ಕೊಟ್ಟಿರೋ ಮಾತೂ ಉದ್ದದ್ದೇ ಅಲ್ವಾ? ಅವರು ತೊಂಬತ್ತೈದು ವರ್ಷ ಬದುಕಬಹುದು. ಅಲ್ಲೀವರೆಗೂ ಕಂಪನಿ ಏಳೂವರೆ ಸಾವಿರ ಕೊಡ್ಬೇಕು. ಅವರ ದುಡ್ಡು ಬಂದ ಕಾಲಕ್ಕೇ ಅಷ್ಟು ವರ್ಷಕ್ಕೆ ಆಗೋ ಪತ್ರ ಕೊಂಡಿಟ್ಟರೆ, ಪತ್ರದ ಬಡ್ಡಿ ಬರತ್ತೆ, ಅವರಿಗೆ ಹೋಗತ್ತೆ. ಬೇಗ ತೀರಿಕೊಂಡವರ ಪಾಲೂ ಸ್ವಲ್ಪ ಸೇರತ್ತೆ. ಮಧ್ಯದಲ್ಲಿ ಪೇಟೇಲಿ ಅದರ ಬೆಲೆ ಎಂಬತ್ತೆಂಟಾದ್ರೇನು, ನೂರ ಹತ್ತಾದ್ರೇನು? ಮಾರೋದಿದ್ರೆ ತಾನೇ? ಬ್ಯಾಂಕಿನ ಮಾತು ಒಂದು ವರ್ಷ, ಎರಡು ವರ್ಷದ್ದು. ಮುಗಿದ ಕೂಡಲೇ ಹೊಸ ಬಡ್ಡಿ, ಹೊಸ ಮಾತು."

"ಬಡ್ಡಿ ಏರಿದಾಗ ಜನ ಪಾಲಿಸಿ ಮುರ್ಕೊಂಡು ಬ್ಯಾಂಕಿಗೆ ಓಡಿದ್ರೆ?"

"ಆಗ ಎಂಬತ್ತೆಂಟಕ್ಕೆ ಮಾರಲೇಬೇಕು. ಮಧ್ಯದಲ್ಲಿ ಮುರಿದವರಿಗೆ ಕಂಪನಿ ಕಡಿತ ಮಾಡಿ ಕೊಡೋಕೆ ಅದೂ ಒಂದು ಕಾರಣ."

ಇಪ್ಪತ್ತೊಂಬತ್ತು ವರ್ಷ ಆ ಕಡಿತಕ್ಕಾಗಿ ಜನರಿಂದ ಬೈಗುಳ ತಿಂದವಳು ವಿಶಾಲಮ್ಮ. ಬೈದವರಿಗೂ ಗೊತ್ತಿರಲಿಲ್ಲ, ಬೈಸಿಕೊಂಡವಳಿಗೂ ಗೊತ್ತಿರಲಿಲ್ಲ. ಅವಳು ಬಸ್ಸು ಹಿಡಿಯದೆ ನಡೆದೇ ಮನೆಗೆ ಹೋದಳು. ಕಂಡ ಸರ್ಕಾರಿ ಕಟ್ಟಡ, ಮೇಲುಸೇತುವೆಗಳನ್ನೆಲ್ಲ ನೋಡುತ್ತ, ಇದರಲ್ಲಿ ತನ್ನ ಆರುನೂರು ಮನೆಗಳ ಕಂತು ಎಷ್ಟು ಬೆರೆತಿರಬಹುದು ಎಂದುಕೊಂಡಳು. ಎರಡು ದಿನ ಬಿಟ್ಟು ಶಕುಂತಲಮ್ಮನ ಮುಂದೆ ಪಾಠ ಒಪ್ಪಿಸಿದಳು. ಅವರು ನಡುನಡುವೆ ತಡೆದು ಕೇಳಿ, ಕೊನೆಗೆ, "ಬೇಗ ಸತ್ತವರ ಪಾಲು ನಂಗೆ ಬರುತ್ತೆ ಅನ್ನು. ಹಾಗಾದ್ರೆ ದಿನಾ ವಾಕಿಂಗ್ ತಪ್ಪಿಸ್ಬಾರ್ದು" ಎಂದು ನಕ್ಕರು. ಮನೆಪಾಠ ಅಲ್ಲಿಗೆ ಮುಗಿದಿತ್ತು.

ವಿಶಾಲಮ್ಮನಿಗೆ ಮುಗಿಯಲಿಲ್ಲ. ಬೆಳಿಗ್ಗೆ ಪೇಪರಿನಲ್ಲಿ ಸಾಲಪತ್ರಗಳ ಬಡ್ಡಿ ಹುಡುಕುವ ಚಟ ಹತ್ತಿತು. ಗಂಡ ಚಿದಂಬರ, "ನಮ್ಮನೇಲಿ ಚಿನ್ನದ ರೇಟ್ ನೋಡೋ ಕಾಲ ಹೋಯ್ತು" ಎಂದು ರೇಗಿಸಿದ. ವಾರಕ್ಕೊಮ್ಮೆ ಚಾಮರಾಜಪೇಟೆಗೆ ಹೋಗುವುದು ರೂಢಿಯಾಯಿತು. ಹಾಗೆ ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ ಅವಳೇ ಮುಂದಿನ ಪ್ರಶ್ನೆ ಇಟ್ಟಳು.

"ಸಾರ್, ಮಾತು ಉದ್ದ ಇದ್ದು ಪತ್ರ ಚಿಕ್ಕದಾಗಿದ್ರೆ?"

ಬದರೀನಾರಾಯಣರು ಕನ್ನಡಕ ತೆಗೆದರು. "ಆಗ ಬಡ್ಡಿ ಇಳಿದ್ರೆ ಕಂಪನಿ ಸತ್ತಂಗೆ. ನಮಗೆ ಹಾಗಾಗಿತ್ತು. ತೊಂಬತ್ತೆಂಟರ ಸುಮಾರು ಸರ್ಕಾರವೇ ಹನ್ನೆರಡು ಕೊಡ್ತಿತ್ತು. ಹನ್ನೆರಡು ಯಾವಾಗ್ಲೂ ಇರತ್ತೆ ಅನ್ನೋ ಭ್ರಮೇಲಿ ಪಿಂಚಣಿ ಪಾಲಿಸಿ ಮಾಡಿದ್ರು. ಇವತ್ತು ಕಟ್ಟೋಕೆ ಶುರುಮಾಡಿ, ಅರವತ್ತಾದ್ಮೇಲೆ ಲಕ್ಷಕ್ಕೆ ಹನ್ನೊಂದೂವರೆ ಸಾವಿರ, ಸಾಯೋವರೆಗೂ. ಆದ್ರೆ ನಮ್ಮ ಕೈಲಿದ್ದ ಪತ್ರ ಹೆಚ್ಚಿನವು ಹತ್ತು ವರ್ಷದ್ದು. ಐದು ವರ್ಷದಲ್ಲಿ ಬಡ್ಡಿ ಅರ್ಧ ಆಗೋಯ್ತು. ಹಳೇ ಪತ್ರ ಮುಗಿದು ದುಡ್ಡು ವಾಪಸ್ ಬಂದ್ರೆ ಹನ್ನೆರಡಕ್ಕೆ ಹಾಕೋಕೆ ಜಾಗವೇ ಇಲ್ಲ. ಕೊಟ್ಟ ಮಾತು ಹಾಗೇ ಕೂತಿದೆ."

"ಆ ಪಾಲಿಸಿ ಇಟ್ಕೊಂಡಿರೋರು?"

"ಅದೃಷ್ಟವಂತರು. ಇವತ್ತು ಯಾವ ಕಂಪನೀಲೂ ಅಂಥದ್ದು ಸಿಗಲ್ಲ. ನಮಗೆ ಪ್ರತಿ ತಿಂಗಳೂ ಪಟ್ಟಿ ಬರ್ತಿತ್ತು, ಅದರಲ್ಲಿ ಎಷ್ಟು ಜನ ಬಿಟ್ಟುಹೋದರು ಅಂತ. ಒಬ್ಬೊಬ್ಬರು ಬಿಟ್ಟಾಗಲೂ ನಮಗೆ ಸಲೀಸಾಗಿ ಉಸಿರಾಡೋ ಹಾಗಾಗ್ತಿತ್ತು."

ಎರಡು ಸಾವಿರದ ಹತ್ತರ ಬೇಸಿಗೆ ವಿಶಾಲಮ್ಮನ ಕಣ್ಣ ಮುಂದೆ ಬಂತು. ಹಳೆಯ ಪಿಂಚಣಿ ಪಾಲಿಸಿಗಳನ್ನು ಬಿಡಿಸಿ ಹೊಸ ಯೋಜನೆಗೆ ಹಾಕಿಸಿದರೆ ಹೆಚ್ಚಿನ ಕಮಿಷನ್ ಎಂದು ಆಗಿನ ಅಧಿಕಾರಿ ಸಭೆ ಕರೆದು ಹೇಳಿದ್ದರು. ಷೇರುಪೇಟೆ ಏರುತ್ತಿದೆ, ಹಳೆಯದರಲ್ಲಿ ಏನೂ ಇಲ್ಲ ಎಂದಿದ್ದರು. ಅವಳು ನೇರ ಮಾಮೂಲ್‌ಪೇಟೆಗೆ, ದೊಡ್ಡಬೈರಪ್ಪನವರ ಹಗ್ಗ, ಜರಡಿ, ಗೋಣಿಚೀಲದ ಅಂಗಡಿಗೆ ಹೋಗಿದ್ದಳು. ಅಪ್ಪನ ಊರಿನವರು. ತೊಂಬತ್ತೆಂಟರಲ್ಲಿ ಅವಳಿಗೆ ಯಾರೂ ವ್ಯಾಪಾರ ಕೊಡದಿದ್ದಾಗ, "ಗೌಡನ ಮಗಳು ಬಂದವಳೆ" ಎಂದು ಪಿಂಚಣಿ ಪಾಲಿಸಿ ತೆಗೆದುಕೊಂಡವರು. ಅದನ್ನು ಬಿಡುವ ಅರ್ಜಿಯನ್ನು ಹನ್ನೆರಡು ವರ್ಷದ ಮೇಲೆ ಅವಳೇ ತುಂಬಿ, ಅವರು ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ್ದಳು.

"ನಾನೊಬ್ಬರದ್ದು ಬಿಡಿಸಿದ್ದೆ ಸಾರ್" ಎಂದಳು.

ಬದರೀನಾರಾಯಣರು ಕನ್ನಡಕ ಒರೆಸಿದರು. "ನಾನು ಆ ಕಡೆ ಕೂತು ಪಟ್ಟಿ ನೋಡ್ತಿದ್ದೆ. ನೀವು ಈ ಕಡೆ ಸಹಿ ಹಾಕಿಸ್ತಿದ್ರಿ. ಆ ಪಟ್ಟೀಲಿ ಹೆಸರು ಇರ್ತಿರಲಿಲ್ಲ, ಬರೀ ನಂಬರ್ ಇರ್ತಿತ್ತು" ಎಂದರು. ಆ ದಿನ ತುಳಸಮ್ಮ ತಂದಿಟ್ಟ ಕಾಫಿ ಇಬ್ಬರೂ ಕುಡಿಯಲಿಲ್ಲ.

ದೊಡ್ಡಬೈರಪ್ಪನವರಿಗೆ ಹೋಗಿ ಹೇಳಬೇಕೋ ಬೇಡವೋ ಎಂದು ಅವಳು ಒಂಬತ್ತು ದಿನ ತೊಳಲಾಡಿದಳು. ಹೇಳಿದರೆ ಪಾಲಿಸಿಯೇನೂ ವಾಪಸ್ ಬರುವುದಿಲ್ಲ. ಹೇಳದಿದ್ದರೆ ಅವರಿಗೆ ಎಂದೂ ಗೊತ್ತಾಗುವುದಿಲ್ಲ. ಈ ಎರಡನೆಯದೇ ಅವಳನ್ನು ಹತ್ತನೆಯ ದಿನ ಮಾಮೂಲ್‌ಪೇಟೆಗೆ ಎಬ್ಬಿಸಿಕೊಂಡು ಹೋಯಿತು. ಬೆಳಗಿನ ಹೊತ್ತು, ಗಿರಾಕಿ ಕಡಿಮೆ. ಅರವತ್ತೆಂಟರ ದೊಡ್ಡಬೈರಪ್ಪ ಹಗ್ಗ ಅಳೆದು ಸುತ್ತುತ್ತಿದ್ದರು. ಅವಳು ನಿಂತೇ ಎಲ್ಲ ಹೇಳಿದಳು: ಬಡ್ಡಿ ಹನ್ನೆರಡಿದ್ದದ್ದು, ಇಳಿದದ್ದು, ಆ ಪಾಲಿಸಿ ಇಟ್ಟುಕೊಂಡಿದ್ದರೆ ಅರವತ್ತು ತುಂಬಿದಾಗಿನಿಂದ ತಿಂಗಳಿಗೆ ಆರು ಸಾವಿರದ ಹತ್ತಿರ ಬರುತ್ತಿದ್ದದ್ದು, ಬದುಕಿರುವವರೆಗೂ ಬರಬಹುದಾಗಿದ್ದದ್ದು.

ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. "ಆವತ್ತು ನಿಂಗೆ ಗೊತ್ತಿತ್ತಾ?"

"ಇಲ್ಲ ಬೈರಪ್ಪಣ್ಣ. ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಕಮಿಷನ್ ಬಂತಾ?"

"ಬಂತು. ಹನ್ನೊಂದು ಸಾವಿರ. ಫ್ರಿಜ್ ತಗೊಂಡೆ."

"ಊಂ" ಎಂದರು. ಒಬ್ಬ ಗಿರಾಕಿ ಬಂದ. ಅವನಿಗೆ ಎರಡು ಗೋಣಿಚೀಲ ಕೊಟ್ಟು ಕಳಿಸಿದರು. ವಿಶಾಲಮ್ಮ ಬ್ಯಾಗಿನಿಂದ ಕವರು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಅದೇ ಹನ್ನೊಂದು ಸಾವಿರ. ಅವರು ಬೇಡ ಎನ್ನುತ್ತಾರೆ, ತಾನು ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದಳು. ದೊಡ್ಡಬೈರಪ್ಪ ಕವರು ತೆಗೆದು ಜೇಬಿಗಿಟ್ಟುಕೊಂಡರು.

"ಇದು ಸರಿ. ಮಿಕ್ಕಿದ್ದು ಹೋಯ್ತು" ಎಂದರು. "ಈಗ ಹೋಗಮ್ಮ. ನಂಗೆ ಕೋಪ ಐತೆ."

ಎರಡು ವಾರ ಕಳೆದ ಮೇಲೆ ಅವರಿಂದ ಫೋನು ಬಂತು. ಕುಶಲ ವಿಚಾರಿಸಲಿಲ್ಲ. "ಬೀಗದ ಅಂಗಡಿ ಮಾಯಣ್ಣನ ತಾವ ಅಂಥದ್ದೇ ಒಂದು ಕಾಗದ ಐತಂತೆ. ಬೇರೆ ಏಜೆಂಟ್ ಮಾಡಿಸಿದ್ದು. ಸೋಮವಾರ ಹೋಗಿ ಬಿಡಿಸ್ಕೋತೀನಿ ಅಂತಾವ್ನೆ. ಬಂದು ನೋಡು."

ಅವಳು ಆಟೋ ಹಿಡಿದು ಹೋದಳು. ಮಾಯಣ್ಣನಿಗೆ ಐವತ್ತೊಂಬತ್ತು, ಬರುವ ಜನವರಿಗೆ ಅರವತ್ತು. ಮಗ ಕುಶಾಲ್ ಕಾರು ಕೊಳ್ಳಬೇಕೆಂದು ಹಟ ಹಿಡಿದಿದ್ದ. ಕೂಡಿಬಿದ್ದ ದುಡ್ಡನ್ನು ಬಿಡಿಸಿ ಮುಂಗಡ ಕಟ್ಟುವ ಯೋಚನೆ. ಬೀಗಗಳ ನಡುವೆ ಕೂತು ವಿಶಾಲಮ್ಮ ಹಳದಿಯಾದ ಪಾಲಿಸಿ ಕಾಗದ ತೆರೆದಳು. ವರ್ಷ ತೊಂಬತ್ತೆಂಟು. ಕೊನೆಯ ಪುಟದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಲಕ್ಷಕ್ಕೆ ಹನ್ನೊಂದೂವರೆ ಸಾವಿರ.

"ಅಣ್ಣಾ, ಇದನ್ನ ಮುರೀಬೇಡಿ. ಇವತ್ತು ಅದೇ ದುಡ್ಡು ತಗೊಂಡು ಯಾವ ಕಂಪನಿಗೆ ಹೋದ್ರೂ ಲಕ್ಷಕ್ಕೆ ಏಳು ಸಾವಿರದ ಮೇಲೆ ಕೊಡೋದು ಕಷ್ಟ. ಇದ್ರಲ್ಲಿ ಹನ್ನೊಂದೂವರೆ ಅಂತ ಬರೆದುಕೊಟ್ಟಿದಾರೆ. ನೀವಿರೋವರೆಗೂ."

"ಅವರಿಗೆ ನಷ್ಟ ಆಗಕ್ಕಿಲ್ವಾ?" ಎಂದ ಮಾಯಣ್ಣ.

"ಆಗುತ್ತೆ. ಬರೆದುಕೊಟ್ಟಿದಾರಲ್ಲ, ಕೊಡ್ಲೇಬೇಕು."

ಮಾಯಣ್ಣ ಮೂವತ್ತೈದು ವರ್ಷದ ವ್ಯಾಪಾರಿ. ಬಡ್ಡಿ, ಸಾಲಪತ್ರದ ವಿವರಣೆ ಅವನಿಗೆ ಬೇಕಾಗಲಿಲ್ಲ. "ಹಳೇ ರೇಟಿಗೆ ಆರ್ಡರ್ ತಗೊಂಡ್ಬಿಟ್ಟವ್ರೆ ಅನ್ನಿ. ನಾನೂ ಒಂದು ಸಲ ಹಿಂಗೇ ಸಿಗಾಕ್ಕೊಂಡಿದ್ದೆ, ಹಿತ್ತಾಳೆ ಬೆಲೆ ಏರ್ದಾಗ" ಎಂದು ಪಾಲಿಸಿಯನ್ನು ಮಡಚಿ ಒಳಗಿಟ್ಟ. ಕುಶಾಲ್ ಮುಖ ಊದಿಸಿಕೊಂಡು ಹೊರಗೆ ಹೋದ. ವಿಶಾಲಮ್ಮನಿಗೆ ಅಲ್ಲಿ ಒಂದು ರೂಪಾಯಿ ಗಿಟ್ಟುವಂತಿರಲಿಲ್ಲ, ಒಂದು ಲೋಟ ಬಾದಾಮಿ ಹಾಲು ಸಿಕ್ಕಿತು.

ಆ ವರ್ಷ ಅವಳ ವ್ಯಾಪಾರ ಇಳಿಯಿತು. ಹಳೆಯ ಪಾಲಿಸಿ ಬಿಡಿಸುತ್ತೇನೆಂದು ಬಂದವರನ್ನೆಲ್ಲ ಮೊದಲು ಕಾಗದ ತನ್ನಿ, ಓದೋಣ ಎಂದು ಕೂರಿಸುತ್ತಿದ್ದಳು. ಎಷ್ಟೋ ಕಾಗದಗಳಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ; ಅದನ್ನೂ ಹಾಗೆಯೇ ಹೇಳುತ್ತಿದ್ದಳು. ವರದರಾಜ ತಲೆ ಚಚ್ಚಿಕೊಂಡ. ಆದರೂ ಹೊಸ ಏಜೆಂಟರ ತರಬೇತಿಗೆ ಅವಳನ್ನೇ ಅರ್ಧ ಗಂಟೆ ಮಾತಾಡಲು ಕರೆದ.

ಜನವರಿಯಲ್ಲಿ ಅರವತ್ತು ತುಂಬಿದ ಮಾಯಣ್ಣನಿಗೆ ಮಾರ್ಚಿನಲ್ಲಿ ಮೊದಲ ಪಿಂಚಣಿ ಬಂತು. ಫೋನಿಗೆ ಬಂದ ಮೆಸೇಜನ್ನು ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ತೋರಿಸಿಕೊಂಡು ಬಂದ. ಆವತ್ತು ವಿಶಾಲಮ್ಮ ಅದೇ ಬೀದಿಯಲ್ಲಿದ್ದಳು. ದೊಡ್ಡಬೈರಪ್ಪನವರ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿಯೇ ಹೋಗುತ್ತಿದ್ದಳು. ಆ ಫೋನಿನ ನಂತರ ಅವರು ಅವಳೊಂದಿಗೆ ಮಾತಾಡಿರಲಿಲ್ಲ, ಹೊಸ ವ್ಯಾಪಾರವನ್ನಂತೂ ಕೊಟ್ಟಿರಲಿಲ್ಲ.

"ಏಯ್, ನಿಂತ್ಕೋ" ಎಂದರು ಅವರು.

ನಿಂತಳು.

"ನೀನು ಬಂದೋರಿಗೆಲ್ಲ ಹೇಳ್ತೀಯಂತೆ, ಮಾಯಣ್ಣ ಅಂತಿದ್ದ. ಬಡ್ಡಿ ಇಳುದ್ರೆ ಹಳೇ ಸಾಲಪತ್ರದ ಬೆಲೆ ಮೇಲಕ್ಕೆ ಹೋಯ್ತದಂತೆ, ಬಡ್ಡಿ ಏರಿದ್ರೆ ಬೀಳ್ತದಂತೆ. ಅದೆಂಗೆ ಉಲ್ಟಾ ಆಯ್ತದೆ? ನಂಗೆ ರಾತ್ರಿಯೆಲ್ಲ ಅದೇ ಕೊರೀತು."

ವಿಶಾಲಮ್ಮ ಅವರ ಮುಖ ನೋಡಿದಳು. ಕೋಪ ಪೂರ್ತಿ ಹೋಗಿರಲಿಲ್ಲ. ಆದರೆ ಕಣ್ಣು ಉತ್ತರಕ್ಕೆ ಕಾಯುತ್ತಿತ್ತು. ಅವರು ಕಾಲಿನಿಂದಲೇ ಒಂದು ಸ್ಟೂಲನ್ನು ಅವಳ ಕಡೆ ಸರಿಸಿದರು.

"ನಿಮ್ಮ ಕೈಲಿ ಏಳರ ಪತ್ರ ಐತೆ ಅಂತಿಟ್ಕೊಳ್ಳಿ ಬೈರಪ್ಪಣ್ಣ" ಎಂದು ಅವಳು ಕೂತು ಶುರುಮಾಡಿದಳು.